ಒಂದು ನಾಣ್ಯಕ್ಕೆ ಮೂರು ಜೀವ

ಕಾಂಟ್ರಾ ಆಡಲು ಕೂತ ಹುಡುಗರ ನಡುವೆ ಮೊದಲು ಇತ್ಯರ್ಥವಾಗಬೇಕಿದ್ದ ವಿಷಯ ಒಂದೇ: ಮೂರು ಲೈಫೋ, ಮೂವತ್ತು ಲೈಫೋ? 1990ರ ದಶಕದ ಬೇಸಿಗೆ ರಜೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಇರಲಿ, ಶಿವಮೊಗ್ಗದ ವಠಾರವಿರಲಿ, ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಯಾರ ಮನೆಗೆ ಬಂದಿತ್ತೋ ಆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ರಾಶಿ ಬೀಳುತ್ತಿತ್ತು. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಹೊರತಂದ ಕಾಂಟ್ರಾದಲ್ಲಿ ಆಟಗಾರನಿಗೆ ಸಿಗುವುದು ಮೂರು ಜೀವ. ಮನೆಯ ಟಿವಿಗೆ ಬಂದ ಆವೃತ್ತಿಯಲ್ಲಿ ಮಾತ್ರ ಒಂದು ಗುಟ್ಟಿತ್ತು. ಶುರುವಿನ ಪರದೆಯಲ್ಲಿ ಮೇಲಕ್ಕೆ ಎರಡು ಸಲ, ಕೆಳಕ್ಕೆ ಎರಡು ಸಲ, ಆಮೇಲೆ ಎಡ, ಬಲ, ಎಡ, ಬಲ, ಕೊನೆಗೆ ಬಿ ಮತ್ತು ಎ ಗುಂಡಿ ಒತ್ತಿ ಆಟ ಶುರು ಮಾಡಿದರೆ ಮೂವತ್ತು ಜೀವ ಸಿಗುತ್ತಿತ್ತು. ಒಬ್ಬನೇ ಆಡುವಾಗ ಅದರಿಂದ ಯಾರಿಗೂ ತೊಂದರೆಯಿಲ್ಲ. ಯಾರು ಎಷ್ಟು ದೂರ ಹೋಗುತ್ತಾರೆ ಎಂದು ಪಂದ್ಯ ಕಟ್ಟಿದ ದಿನ ಅದು ಜಗಳದ ವಿಷಯ.

ಆ ಜಗಳ ತೀರಿಸಲು ಹುಡುಗರೇ ನಿಯಮ ಮಾಡಿಕೊಂಡರು. ಎಲ್ಲರಿಗೂ ಮೂರೇ ಲೈಫ್. ಔಟಾದವನು ರಿಮೋಟ್ ಕೆಳಗಿಟ್ಟು ಎದ್ದೇಳಬೇಕು. ಮಾರಿಯೋ ಆಟದಲ್ಲಿ ಮೊದಲನೆಯವನು ಸತ್ತ ಮೇಲಷ್ಟೇ ಎರಡನೆಯವನ ಸರದಿ. ಅದನ್ನು ಆಟವೇ ವಿಧಿಸುತ್ತಿತ್ತು. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ನಡುವೆ ಕರೆಂಟ್ ಹೋದರೆ ಏನು ಮಾಡುವುದು ಎಂಬುದು. ಶರಾವತಿಯ ವಿದ್ಯುತ್ ಹುಟ್ಟುವ ಜಿಲ್ಲೆಗೂ ಲೋಡ್ ಶೆಡ್ಡಿಂಗ್ ತಪ್ಪಿರಲಿಲ್ಲ. ಯಂತ್ರಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್‌ಗಳಲ್ಲಿ ಆಟವನ್ನು ಉಳಿಸಿಡುವ ಸೌಕರ್ಯವೂ ಇರಲಿಲ್ಲ. ಆರನೇ ಹಂತ ತಲುಪಿದವನ ಶ್ರಮ ಒಂದು ಕ್ಷಣದಲ್ಲಿ ಕತ್ತಲಾಗುತ್ತಿತ್ತು. ಗುಂಪಿನಲ್ಲಿ ವಯಸ್ಸಿಗೆ ದೊಡ್ಡವನು ಹೇಳಿದ್ದೇ ಆಗ ತೀರ್ಪು.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕಬಾರದು. ಪ್ರಪಂಚದ ದೊಡ್ಡ ವಿಡಿಯೋ ಗೇಮ್ ಪಂದ್ಯಾವಳಿಗಳ ನಿಯಮಪುಸ್ತಕ ತೆರೆದರೆ ಅಲ್ಲಿರುವುದೂ ಇವೇ ಪ್ರಶ್ನೆಗಳು. ಎಲ್ಲರ ಯಂತ್ರವೂ ಒಂದೇ ತರಹದ್ದೇ? ಎಷ್ಟು ಜೀವ? ಆಟ ನಡುವೆ ನಿಂತರೆ ಏನು? ನೋಡಿದವರು ಯಾರು, ತೀರ್ಪು ಕೊಡುವವರು ಯಾರು?

ನಿಯಮದ ಈ ಕಾಳಜಿ ನಮ್ಮ ಕಡೆ ಟಿವಿಯ ಜತೆ ಬಂದದ್ದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ವಿನೋದಗಳಿಗೆ, ಇಪ್ಪತ್ತು ಕ್ರೀಡೆಗಳಿಗೆ ಮೀಸಲು. ಮಲ್ಲರನ್ನು ವಯಸ್ಸು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸುವ ಕ್ರಮ ಆ ಗ್ರಂಥದಲ್ಲಿದೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಯಲ್ಲಿ ಇವತ್ತಿಗೂ ಹಿರಿಯ ಪೈಲ್ವಾನರು ಅಖಾಡದ ಅಂಚಿನಲ್ಲಿ ನಿಂತು ಸಮಬಲದವರನ್ನು ಹುಡುಕಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಿಲ್ಲವೆಂದರೆ ಜನ ಕೂಗುತ್ತಾರೆ. ಇನ್ನು ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ, ಕಟ್ಟೆಯಲ್ಲಿ ಕೂತ ಕಾಯನ್ನು ಮುಟ್ಟುವಂತಿಲ್ಲ. ಮನೆಗೊಂದು ಪದ್ಧತಿಯಿದ್ದರೂ ಆಟ ಹೂಡುವ ಮುಂಚೆ ಆ ದಿನದ ಪದ್ಧತಿ ಯಾವುದೆಂದು ಗೊತ್ತು ಮಾಡಿಕೊಳ್ಳುವುದನ್ನು ಯಾರೂ ಬಿಡುವುದಿಲ್ಲ.

ತೀರ್ಪಿನ ವಿಷಯಕ್ಕೆ ಬಂದರೆ ಭದ್ರಾವತಿಗೆ ತನ್ನದೇ ಆದ ಒಂದು ದೊಡ್ಡ ನಿದರ್ಶನವಿದೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ, ಈ ಕಬ್ಬಿಣದ ಊರಿನಲ್ಲಿ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬೋಥಮ್ ಜತೆಗೂಡಿದ ವಿಕೆಟ್ ಕೀಪರ್ ಬಾಬ್ ಟೇಲರ್ ಕಪಿಲ್ ದೇವ್ ಬೌಲಿಂಗ್‌ನಲ್ಲಿ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಅನ್ನಿಸಿತು. ಅವರು ಅಂಪೈರ್ ಬಳಿ ಹೋಗಿ ಮಾತಾಡಿ ಮನವಿ ಹಿಂತೆಗೆದುಕೊಂಡರು, ಟೇಲರ್ ಮರಳಿ ಕ್ರೀಸಿಗೆ ಬಂದರು. ಆ ಜೋಡಿ 171 ರನ್ ಕೂಡಿಸಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರ ಔದಾರ್ಯವನ್ನು ಜನ ಹೊಗಳುತ್ತಲೇ ಬಂದಿದ್ದಾರೆ, ಅದು ಸರಿಯೇ. ಆದರೆ ಅವರು ಮಾಡಿದ್ದು ನಿಯಮದ ಒಳಗಿನ ಕೆಲಸವೆಂಬುದನ್ನೂ ಹೇಳಬೇಕು. ಅಂಪೈರ್ ಒಪ್ಪಿದರೆ ಕ್ಷೇತ್ರರಕ್ಷಣೆಯ ನಾಯಕ ಮನವಿ ಹಿಂತೆಗೆದುಕೊಳ್ಳಬಹುದು ಎಂದು ಕ್ರಿಕೆಟ್ಟಿನ ಕಾನೂನೇ ಬರೆದಿಟ್ಟಿದೆ. ಬರೆದ ನಿಯಮ ಇದ್ದದ್ದರಿಂದಲೇ ಆ ಒಳ್ಳೆಯತನಕ್ಕೆ ದಾರಿ ಸಿಕ್ಕಿತು.

ವಿಡಿಯೋ ಗೇಮಿಗೆ ಅಂಥ ಬರೆದ ನಿಯಮ ತಡವಾಗಿ ಬಂತು. 1972ರ ಅಕ್ಟೋಬರ್ 19ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ‘ಸ್ಪೇಸ್‌ವಾರ್’ ಆಟದ ಸ್ಪರ್ಧೆ ನಡೆಯಿತು. ಬಹುಮಾನ ಒಂದು ಪತ್ರಿಕೆಯ ವರ್ಷದ ಚಂದಾ. 1980ರಲ್ಲಿ ಅಟಾರಿ ಕಂಪನಿ ನಡೆಸಿದ ‘ಸ್ಪೇಸ್ ಇನ್ವೇಡರ್ಸ್’ ಪಂದ್ಯಾವಳಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಆದರೆ ದಾಖಲೆಗಳಿಗೆ ಒಂದು ಲೆಕ್ಕದ ಪುಸ್ತಕ ಬೇಕೆಂದು ಹಟ ಹಿಡಿದು ಕೂತವರು ವಾಲ್ಟರ್ ಡೇ. ಅಯೋವಾ ರಾಜ್ಯದ ಒಟಮ್ವಾ ಎಂಬ ಸಣ್ಣ ಊರಿನಲ್ಲಿ ಅವರು 1981ರ ನವೆಂಬರಿನಲ್ಲಿ ‘ಟ್ವಿನ್ ಗ್ಯಾಲಕ್ಸೀಸ್’ ಎಂಬ ಆಟದಂಗಡಿ ತೆರೆದರು. ಮರುವರ್ಷ ಅಲ್ಲಿಂದಲೇ ದೇಶದ ಅತಿಹೆಚ್ಚು ಅಂಕಗಳ ಪಟ್ಟಿ ಹೊರಡತೊಡಗಿತು. ಎಲ್ಲಿಂದಲೋ ಯಾರೋ ಫೋನು ಮಾಡಿ ತಾನು ಇಷ್ಟು ಅಂಕ ಗಳಿಸಿದೆ ಎಂದರೆ ನಂಬುವುದು ಹೇಗೆ? ಈ ಪ್ರಶ್ನೆಯಿಂದಲೇ ಹಳೆಯ ಆಟಗಳ ನಿಯಮಗಳು ಒಂದೊಂದಾಗಿ ಹುಟ್ಟಿದವು.

ಆ ನಿಯಮಗಳ ತಿರುಳು ಯಂತ್ರದ ಹೊಟ್ಟೆಯಲ್ಲಿದೆ. ಅಂಗಡಿಯಲ್ಲಿ ನಿಲ್ಲಿಸುವ ದೊಡ್ಡ ಪೆಟ್ಟಿಗೆಯ ಬೆನ್ನು ಬಿಚ್ಚಿದರೆ ಒಳಗೆ ಸರ್ಕ್ಯೂಟ್ ಬೋರ್ಡ್ ಕಾಣುತ್ತದೆ, ಬೋರ್ಡಿನ ಮೇಲೆ ಉಗುರಿನ ತುದಿಯಿಂದ ಅತ್ತಿತ್ತ ಸರಿಸುವಷ್ಟು ಚಿಕ್ಕ ಸ್ವಿಚ್ಚುಗಳ ಸಾಲು. ಅವಕ್ಕೆ ಡಿಪ್ ಸ್ವಿಚ್ ಎಂದು ಹೆಸರು. ಒಂದು ನಾಣ್ಯಕ್ಕೆ ಎಷ್ಟು ಆಟ, ಒಂದು ಆಟಕ್ಕೆ ಎಷ್ಟು ಜೀವ, ಎಷ್ಟು ಅಂಕಕ್ಕೆ ಒಂದು ಹೆಚ್ಚುವರಿ ಜೀವ ಎಂಬುದನ್ನು ಅಂಗಡಿಯವನು ಅಲ್ಲೇ ಗೊತ್ತು ಮಾಡಬಹುದು. 1980ರ ಪ್ಯಾಕ್‌ಮ್ಯಾನ್‌ನಲ್ಲಿ ಸಾಮಾನ್ಯ ಏರ್ಪಾಡು ಮೂರು ಜೀವ, ಹತ್ತು ಸಾವಿರ ಅಂಕಕ್ಕೆ ಇನ್ನೊಂದು. ಅಂಗಡಿಯವನು ಮನಸ್ಸು ಮಾಡಿದರೆ ಜೀವವನ್ನು ಒಂದಕ್ಕೆ ಇಳಿಸಬಹುದಿತ್ತು, ಐದಕ್ಕೆ ಏರಿಸಬಹುದಿತ್ತು. ಮುಂದೆ ನಿಂತ ಹುಡುಗನಿಗೆ ಪರದೆ ಬಿಟ್ಟರೆ ಬೇರೇನೂ ಕಾಣದು. ಹಾಗಾಗಿ ದಾಖಲೆ ಬೇಕೆಂದವನು ಸ್ವಿಚ್ಚುಗಳು ಯಾವ ಸ್ಥಿತಿಯಲ್ಲಿದ್ದವೆಂದು ತೋರಿಸಬೇಕು, ಬೋರ್ಡು ಮೂಲದ್ದೇ ಎಂದು ರುಜುವಾತು ಮಾಡಬೇಕು, ಆಟವನ್ನು ಮೊದಲಿಂದ ಕೊನೆಯವರೆಗೆ ಎಡೆಬಿಡದೆ ಚಿತ್ರೀಕರಿಸಬೇಕು ಎಂಬ ಕಟ್ಟುಪಾಡು ಬಂತು.

ಆಟ ಎಲ್ಲಿ ಮುಗಿಯಬೇಕೆಂಬುದನ್ನೂ ಕೆಲವೊಮ್ಮೆ ಯಂತ್ರವೇ ಗೊತ್ತು ಮಾಡುತ್ತಿತ್ತು. ಪ್ಯಾಕ್‌ಮ್ಯಾನ್‌ನ 256ನೇ ಹಂತದಲ್ಲಿ ಪರದೆಯ ಬಲಭಾಗ ಅಕ್ಷರಗಳ ಕಲಸುಮೇಲೋಗರವಾಗಿ ಆಟ ಮುಂದೆ ಸಾಗದು. ಹಂತವನ್ನು ಎಣಿಸುವ ಎಂಟು ಬಿಟ್ಟಿನ ಲೆಕ್ಕ 255ಕ್ಕೆ ಮುಗಿಯುವುದೇ ಕಾರಣ. ಅಲ್ಲಿಯವರೆಗೆ ಒಂದು ಜೀವವನ್ನೂ ಕಳೆದುಕೊಳ್ಳದೆ ಸಿಗುವುದನ್ನೆಲ್ಲ ತಿಂದವನ ಅಂಕ 33,33,360. ಅದಕ್ಕಿಂತ ಹೆಚ್ಚು ಯಾರಿಗೂ ಸಾಧ್ಯವಿಲ್ಲ.

ನಿಂಟೆಂಡೊ ಕಂಪನಿ 1990ರಲ್ಲಿ ಅಮೆರಿಕದ ಊರೂರು ಸುತ್ತಿ ನಡೆಸಿದ ಚಾಂಪಿಯನ್‌ಷಿಪ್ಪಿನ ನಿಯಮ ಇನ್ನೊಂದು ಬಗೆಯದು. ಪ್ರತಿಯೊಬ್ಬನಿಗೂ 6 ನಿಮಿಷ 21 ಸೆಕೆಂಡು. ಅಷ್ಟರಲ್ಲಿ ಸೂಪರ್ ಮಾರಿಯೋದಲ್ಲಿ ಐವತ್ತು ನಾಣ್ಯ ಹೆಕ್ಕಬೇಕು, ರ್‍ಯಾಡ್ ರೇಸರ್‌ನಲ್ಲಿ ಕಾರು ಓಡಿಸಬೇಕು, ಉಳಿದ ಸಮಯವನ್ನೆಲ್ಲ ಟೆಟ್ರಿಸ್‌ಗೆ ಕೊಡಬೇಕು. ಕಾರಿನ ಅಂಕಕ್ಕೆ ಹತ್ತರ ಗುಣಾಕಾರ, ಟೆಟ್ರಿಸ್ ಅಂಕಕ್ಕೆ ಇಪ್ಪತ್ತೈದರ ಗುಣಾಕಾರ. ಈ ಗುಣಾಕಾರ ತಿಳಿದವನು ಮೊದಲೆರಡನ್ನು ಬೇಗ ಮುಗಿಸಿ ಟೆಟ್ರಿಸ್‌ಗೆ ಧಾವಿಸುತ್ತಿದ್ದ. ನಿಯಮ ಓದುವುದೇ ಅಲ್ಲಿ ಅರ್ಧ ಆಟ.

ಇವುಗಳಲ್ಲಿ ಯಾವುದನ್ನಾದರೂ ಶಿವಮೊಗ್ಗಕ್ಕೆ ತಂದು ಹಾಗೆಯೇ ಜಾರಿ ಮಾಡಲು ಸಾಧ್ಯವಿತ್ತೇ? ಇರಲಿಲ್ಲ, ಅದಕ್ಕೆ ಕಾರಣ ಟಿವಿಯಲ್ಲಿದೆ. ಅಮೆರಿಕ, ಜಪಾನುಗಳ ಟಿವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆಯುವ ಎನ್‌ಟಿಎಸ್‌ಸಿ ಪದ್ಧತಿಯದು. ಭಾರತ ಆರಿಸಿಕೊಂಡದ್ದು ಐವತ್ತು ಸಲ ಬರೆಯುವ ಪಾಲ್ ಪದ್ಧತಿ. ನಮ್ಮಲ್ಲಿ ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳಲ್ಲಿ ಬಿಕರಿಯಾದವು ಜಪಾನಿನ ಫ್ಯಾಮಿಕಾಮ್ ಯಂತ್ರದ ಮಾದರಿಯಲ್ಲಿ ಮಾಡಿದ ಪೆಟ್ಟಿಗೆಗಳು. ಅರವತ್ತರ ಲೆಕ್ಕದಲ್ಲಿ ಬರೆದ ಆಟವನ್ನು ಐವತ್ತರ ಟಿವಿಯಲ್ಲಿ ಓಡಿಸಿದರೆ ಅದು ಆರನೇ ಒಂದು ಪಾಲು ನಿಧಾನ. ಮಾರಿಯೋ ನಿಧಾನಕ್ಕೆ ನೆಗೆಯುತ್ತಾನೆ, ಟೆಟ್ರಿಸ್‌ನ ಇಟ್ಟಿಗೆ ನಿಧಾನಕ್ಕೆ ಇಳಿಯುತ್ತದೆ. ಭದ್ರಾವತಿಯ ಹುಡುಗಿಯೊಬ್ಬಳು ಆಗ ಟೆಟ್ರಿಸ್‌ನಲ್ಲಿ ಭಾರಿ ಅಂಕ ಗಳಿಸಿದ್ದರೂ ಅದನ್ನು ಹೊರದೇಶದ ಪಟ್ಟಿಯ ಪಕ್ಕ ಇಡುವಂತಿರಲಿಲ್ಲ. ಈ ಎರಡು ಪದ್ಧತಿಗಳ ದಾಖಲೆಗಳನ್ನು ಇಂದಿಗೂ ಬೇರೆ ಬೇರೆಯಾಗಿಯೇ ಇಡುತ್ತಾರೆ. ಇದರ ಮೇಲೆ ‘9999999 ಇನ್ 1’ ಎಂಬ ಹಣೆಪಟ್ಟಿ ಹೊತ್ತ ಕ್ಯಾಸೆಟ್‌ಗಳ ಹಾವಳಿ. ಅವುಗಳಲ್ಲಿ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಕೆಲವು ಐದನೇ ಹಂತದಿಂದಲೇ ಶುರು, ಕೆಲವಕ್ಕೆ ಕೇಳದೆಯೇ ಮೂವತ್ತು ಜೀವ.

ಮನೆಯ ಪೆಟ್ಟಿಗೆಯ ಕತೆ ಹೀಗಾದರೆ, ಅಂಗಡಿಯ ಪೆಟ್ಟಿಗೆಯ ಕತೆ ಪೊಲೀಸ್ ಠಾಣೆಯನ್ನೂ ನ್ಯಾಯಾಲಯವನ್ನೂ ಮುಟ್ಟಿತು. ಕನ್ನಡ ನಾಡಿನ ಸ್ಪರ್ಧೆಯೊಂದರ ನಿಯಮಗಳನ್ನು ನ್ಯಾಯಾಲಯ ಸೋಸಿ ನೋಡಿದ್ದು ಅದಕ್ಕೂ ಬಹಳ ಮುಂಚೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಪದಬಂಧವೆಂಬ ಬಹುಮಾನದ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ಪ್ರಾಂತ್ಯದಿಂದಲೂ ಜನ ಶುಲ್ಕ ಕಟ್ಟಿ ಉತ್ತರ ಕಳಿಸುತ್ತಿದ್ದರು. ಮುಂಬಯಿ ಸರ್ಕಾರ ಅದಕ್ಕೆ ತೆರಿಗೆ, ಪರವಾನಗಿ ಹೇರಿತು; ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1957ರಲ್ಲಿ ತೀರ್ಮಾನವಾಯಿತು. ಪದಬಂಧವೆಂದರೆ ಬುದ್ಧಿಯ ಆಟವಲ್ಲವೇ ಎಂಬುದು ಪತ್ರಿಕೆಯವರ ವಾದ. ನ್ಯಾಯಾಲಯ ಸ್ಪರ್ಧೆಯ ನಿಯಮಗಳನ್ನೇ ಬಿಡಿಸಿ ನೋಡಿತು. ಒಂದು ಜಾಗಕ್ಕೆ ಒಂದಕ್ಕಿಂತ ಹೆಚ್ಚು ಪದ ಹೊಂದುವಾಗ, ಮೊದಲೇ ಮುಚ್ಚಿಟ್ಟ ಉತ್ತರದಲ್ಲಿ ಯಾವುದಿದೆಯೋ ಅದೇ ಸರಿ ಎಂದಾದರೆ ಜಾಣನೂ ಊಹೆಯನ್ನೇ ನೆಚ್ಚಬೇಕು. ಹಾಗಾದ ಮೇಲೆ ಅದು ಜೂಜು ಎಂದು ತೀರ್ಪಾಯಿತು. ಕೌಶಲವೇ ಪ್ರಧಾನವಾದ ಸ್ಪರ್ಧೆ ಜೂಜಲ್ಲ ಎಂಬ ಮಾತು ಭಾರತದ ಕಾನೂನಿನಲ್ಲಿ ಬೇರು ಬಿಟ್ಟದ್ದು ಆ ವರ್ಷದ ತೀರ್ಪುಗಳಿಂದಲೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಶುದ್ಧ ಕೌಶಲದ ಆಟಗಳಿಗೆ ರಕ್ಷಣೆ ಕೊಟ್ಟಿತು.

ವಿಡಿಯೋ ಗೇಮ್ ಯಂತ್ರಗಳು ಊರಿಗೆ ಬಂದಾಗ ಅವು ಈ ಗೆರೆಯ ಯಾವ ಕಡೆ ಎಂಬ ಪ್ರಶ್ನೆ ಎದ್ದಿತು. ಪೆಟ್ಟಿಗೆಗಳಲ್ಲಿ ಎರಡು ಜಾತಿ. ಬಾಹ್ಯಾಕಾಶದ ಶತ್ರುಗಳನ್ನು ಹೊಡೆದುರುಳಿಸುವ ಆಟ ಒಂದು; ಇಸ್ಪೀಟೆಲೆಯನ್ನೋ ಅಂಕಿಯನ್ನೋ ತೋರಿಸಿ ಹಣ ಎಳೆಯುವ ಆಟ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಗುಂಡಿ, ಪರದೆ, ನಾಣ್ಯದ ಸೀಳು. ಬೆಂಗಳೂರಿನಲ್ಲಿ 1989ರ ಆದೇಶವೊಂದು ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಪಾರ್ಲರ್ ಮಾಲೀಕರು ಇದನ್ನು ಪ್ರಶ್ನಿಸಿದರು. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ ಎಂಬ ಆ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಯಂತ್ರವನ್ನು ಒಳಗಿಂದೊಳಗೆ ತಿದ್ದಿ ಆಟಗಾರ ಗೆಲ್ಲುವ ಸಾಧ್ಯತೆಯನ್ನು ಕುಗ್ಗಿಸಬಹುದು ಎಂಬ ಅಂಶ ಆ ತೀರ್ಪಿನಲ್ಲಿ ಭಾರಿ ತೂಕ ಪಡೆಯಿತು. ಆಟ ಕೌಶಲದ್ದಾದರೂ ಪರವಾನಗಿ, ತಪಾಸಣೆ ತಪ್ಪದು ಎಂದಾಯಿತು. ಕಮಿಷನರೇಟ್ ಇಲ್ಲದ ಶಿವಮೊಗ್ಗದಂಥ ಜಿಲ್ಲೆಗಳಲ್ಲಿ ಪೊಲೀಸ್ ಕಾಯ್ದೆಯ ಪ್ರಕಾರ ಇಂಥ ಆದೇಶ ಹೊರಡಿಸುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು.

ಒಟಮ್ವಾದ ದಾಖಲೆಕಾರನಿಗೂ ಕರ್ನಾಟಕದ ಪೊಲೀಸರಿಗೂ ಎದುರಾದ ಪ್ರಶ್ನೆ ಹೀಗೆ ಒಂದೇ: ಹೊರಗೆ ಹೇಳಿದ ನಿಯಮ, ಒಳಗಿನ ಬೋರ್ಡು ಎರಡೂ ಒಂದಕ್ಕೊಂದು ತಾಳೆಯಾಗುತ್ತವೆಯೇ? ಅಲ್ಲಿ ಅದನ್ನು ಆಟ ಬಲ್ಲವರೇ ಸೇರಿ ಕೇಳಿದರು. ತಪಾಸಣೆಯ ಪದ್ಧತಿ, ತೀರ್ಪುಗಾರರ ಪಟ್ಟಿ ಬೆಳೆದವು. ಇಲ್ಲಿ ಅದನ್ನು ಕೇಳಿದ್ದು ಪೊಲೀಸರು ಮಾತ್ರ. ಜೂಜಿನ ಪೆಟ್ಟಿಗೆಯ ಕೆಟ್ಟ ಹೆಸರು ಆಟದ ಪೆಟ್ಟಿಗೆಗೂ ಅಂಟಿತು. ವಿಡಿಯೋ ಗೇಮ್ ಅಂಗಡಿಗೆ ಹೋಗುವ ಹುಡುಗ ಕೆಟ್ಟನೆಂದೇ ಮನೆಯವರು ತಿಳಿದರು. ಯಂತ್ರ ತಿದ್ದುವವರಿಗೆ ಕಡಿವಾಣ ಬೇಕಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಆಟಗಾರರಿಗೆ ಒಂದು ಪಂದ್ಯಾವಳಿ, ಒಂದು ಅಂಕಪಟ್ಟಿ, ಒಬ್ಬ ತೀರ್ಪುಗಾರನನ್ನು ನಾವು ಕೊಡಲಿಲ್ಲ. ಆ ತಲೆಮಾರಿನ ಸಾಧನೆ ಎಲ್ಲಿಯೂ ದಾಖಲಾಗದೆ ಹೋದದ್ದು ನಿಜವಾದ ನಷ್ಟ.

ದಾಖಲೆ ಇಟ್ಟವರಿಗೂ ಕಷ್ಟಗಳು ತಪ್ಪಲಿಲ್ಲ. 1981ರ ಡಾಂಕಿ ಕಾಂಗ್ ಆಟದಲ್ಲಿ ಹತ್ತು ಲಕ್ಷ ಅಂಕ ದಾಟಿದ ಬಿಲ್ಲಿ ಮಿಚೆಲ್ ಅವರ ಪೈಪೋಟಿಯ ಕತೆ 2007ರಲ್ಲಿ ‘ದಿ ಕಿಂಗ್ ಆಫ್ ಕಾಂಗ್’ ಎಂಬ ಸಾಕ್ಷ್ಯಚಿತ್ರವಾಯಿತು. 2018ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಮಿಚೆಲ್ ಅವರ ಎಲ್ಲ ಅಂಕಗಳನ್ನೂ ಪಟ್ಟಿಯಿಂದ ತೆಗೆಯಿತು. ಅವರು ಒಪ್ಪಿಸಿದ ಚಿತ್ರೀಕರಣದಲ್ಲಿ ಪರದೆಯ ಮೇಲೆ ಚಿತ್ರ ಮೂಡುವ ಬಗೆ ಮೂಲ ಬೋರ್ಡಿನದಲ್ಲ ಎಂಬುದು ಅದರ ನಿರ್ಣಯ. ಮಿಚೆಲ್ ಮೊಕದ್ದಮೆ ಹೂಡಿದರು. 2024ರಲ್ಲಿ ರಾಜಿಯಾಗಿ ಆ ಅಂಕಗಳು ಹಳೆಯ ದಾಖಲೆಗಳ ಸಂಗ್ರಹಕ್ಕೆ ಮರಳಿದವು. ಇನ್ನೊಂದು ಕಡೆ 2010ರಲ್ಲಿ ಶುರುವಾದ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಷಿಪ್ ಮೂಲ ನಿಂಟೆಂಡೊ ಯಂತ್ರ, ಹಳೆಯ ಡಬ್ಬಾ ಟಿವಿಗಳನ್ನು ಎದುರಿಗಿಟ್ಟು ಇಬ್ಬಿಬ್ಬರನ್ನು ಸಭೆಯ ಮುಂದೆ ಕೂರಿಸಿತು. ಏಳು ಸಲ ಗೆದ್ದ ಜೋನಾಸ್ ನ್ಯೂಬಾವರ್ ಅವರನ್ನು 2018ರ ಫೈನಲಿನಲ್ಲಿ ಹದಿನಾರರ ಜೋಸೆಫ್ ಸೇಲಿ ಸೋಲಿಸಿದ. ಆ ಆಟ ಹುಡುಗ ಹುಟ್ಟುವ ಎಷ್ಟೋ ವರ್ಷ ಮುಂಚಿನದು. ಎಲ್ಲರ ಕಣ್ಣೆದುರು, ಒಂದೇ ಬಗೆಯ ಯಂತ್ರದಲ್ಲಿ ನಡೆದ ಕಾರಣ ಆ ಗೆಲುವಿನ ಬಗ್ಗೆ ತಕರಾರು ಏಳಲಿಲ್ಲ.

ನಮ್ಮಲ್ಲಿ ಪೆಟ್ಟಿಗೆ ಹೋಗಿ ಸೈಬರ್ ಕೆಫೆ ಬಂತು, ಅದೂ ಹೋಗಿ ಮೊಬೈಲ್ ಬಂತು. ಕೌಶಲವೋ ಜೂಜೋ ಎಂಬ ಹಳೆಯ ಪ್ರಶ್ನೆಗೇ ಕಾನೂನು ಮತ್ತೆ ತಡಕಾಡಿತು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದವೋ ಅದೃಷ್ಟದವೋ ನೋಡದೆ ನಿಷೇಧಿಸಲಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಗುರುತಿಸಿ ಕ್ರೀಡಾ ಸಚಿವಾಲಯದ ಸುಪರ್ದಿಗೆ ಕೊಟ್ಟಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಬೇರೆ ಸ್ಥಾನ ಕೊಟ್ಟಿದೆ. ಅದು ಹಾಕಿದ ಷರತ್ತುಗಳಲ್ಲಿ ಒಂದು ಗಮನಿಸಬೇಕಾದ್ದು: ಸ್ಪರ್ಧೆ ಮೊದಲೇ ಗೊತ್ತುಪಡಿಸಿದ ನಿಯಮಗಳ ಪ್ರಕಾರ ನಡೆಯಬೇಕು, ಫಲಿತಾಂಶ ಆಟಗಾರನ ಚುರುಕು, ಬುದ್ಧಿ, ಯುಕ್ತಿಯಿಂದಲೇ ನಿರ್ಧಾರವಾಗಬೇಕು. ಪ್ರವೇಶ ಶುಲ್ಕ, ಬಹುಮಾನಕ್ಕೆ ಅವಕಾಶವಿದೆ, ಪಣಕ್ಕಿಲ್ಲ.

ಮೂವತ್ತು ವರ್ಷದ ಹಿಂದೆ ಮಾಡದೆ ಬಿಟ್ಟ ಕೆಲಸವನ್ನು ಮಾಡಲು ಇದು ಸರಿಯಾದ ಸಮಯ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಕಾಲೇಜು ಹಬ್ಬಗಳಿಗೆ ಬರವಿಲ್ಲ. ಅಲ್ಲಿ ಮೊಬೈಲ್ ಆಟದ ಸ್ಪರ್ಧೆ ಇಡುವವರು ಹಳೆಯ ಆಟಗಳಿಗೂ ಒಂದು ದಿನ ಮೀಸಲಿಡಲಿ. ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಿಲಿಗೇ ಅಂಟಿಸಲಿ: ಯಾವ ಯಂತ್ರ, ಯಾವ ಟಿವಿ, ಎಷ್ಟು ಜೀವ, ಕರೆಂಟ್ ಹೋದರೆ ಆಟ ಮೊದಲಿಂದಲೋ ಇಲ್ಲವೋ, ದೂರು ಯಾರಿಗೆ, ಎಷ್ಟು ಹೊತ್ತಿನೊಳಗೆ. ಅಂಕಗಳನ್ನು ಹೆಸರು, ತಾರೀಖಿನ ಸಮೇತ ಪುಸ್ತಕದಲ್ಲಿ ಬರೆದಿಡಲಿ. ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆ, ಕ್ಯಾಸೆಟ್ಟು, ಪಾಲ್ ಟಿವಿ ಇನ್ನೂ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ; ಪಂದ್ಯಾವಳಿ ನಡೆಸುವವರಿಗೆ ಕೊಡಿ.